ಕುಳ್ಳರಿಗೂ ಒಂದು ಸೈಕಲ್ ಬೇಕು ಸ್ವಾಮಿ!

ನನ್ನ ಎತ್ತರ ಐದಡಿ ಒಂದಿಂಚು. ಸೈಕಲ್ ಅಂಗಡಿಗೆ ಹೋದರೆ ಮೊದಲು ಕೇಳೋದೇ "26 ಇಂಚಾ, 29 ಇಂಚಾ?" ಅಂತ. ಅದು ಚಕ್ರದ ಅಳತೆ ಮಾರಾಯ್ರೆ, ನಮಗೆ ಬೇಕಿರೋದು ಫ್ರೇಮಿನ ಅಳತೆ! ಅದೇ 26ರ ಚಕ್ರಕ್ಕೆ 14 ಇಂಚಿನ ಫ್ರೇಮೂ ಇರುತ್ತೆ, 18ರದ್ದೂ ಇರುತ್ತೆ. "ಸೀಟ್ ಇಳಿಸಿ ಕೊಡ್ತೀವಿ ಬಿಡಿ" ಅನ್ನೋದು ಇನ್ನೊಂದು ಮಂತ್ರ. ಸೀಟ್ ಇಳಿಸಿದರೆ ಕಾಲು ನೆಲಕ್ಕೆ ಎಟುಕಬಹುದು, ಹ್ಯಾಂಡಲ್ ಹತ್ತಿರ ಬರುತ್ತಾ? ಹತ್ತು ಕಿಲೋಮೀಟರ್ ತುಳಿದರೆ ಮಂಡಿ, ಹೆಗಲು ಎರಡೂ ಶಾಪ ಹಾಕುತ್ತವೆ.

ಅಮೆರಿಕದ ಜಾರ್ಜೀನಾ ಟೆರ್ರಿ ಅನ್ನೋ ಮೆಕ್ಯಾನಿಕಲ್ ಎಂಜಿನಿಯರ್ 1985ರಲ್ಲೇ ಕಂಪನಿ ಕಟ್ಟಿ, ಮುಂದೆ ಚಿಕ್ಕ ಚಕ್ರ ಹಾಕಿ, ಕುಳ್ಳಗಿನ ಹೆಂಗಸರಿಗೂ ಹೊಂದೋ ಸೈಕಲ್ ಮಾಡಿದರು. ನನಗಿಲ್ಲಿ ಮಕ್ಕಳ ಸೈಕಲ್ ತೋರಿಸ್ತಾರೆ :)

ನೀವೂ ನನ್ನಷ್ಟೇ ಇದ್ದರೆ, ಕೊಳ್ಳೋ ಮೊದಲು ಮೇಲಿನ ಬಾರ್‌ನ ಆಚೀಚೆ ಕಾಲಿಟ್ಟು ನೆಲದ ಮೇಲೆ ನಿಂತು ನೋಡಿ. ಒಂದೆರಡು ಇಂಚಾದರೂ ಸಂದು ಉಳೀಬೇಕು. ಇಲ್ಲಾಂದ್ರೆ ಡಿಸ್ಕೌಂಟ್ ಎಷ್ಟೇ ಕೊಟ್ಟರೂ ಬೇಡ ಅನ್ನಿ.