ಹೋಗದೆ ಉಳಿಯಬಹುದಾದ ಪ್ರಯಾಣಕ್ಕೆ ಎಷ್ಟು ಕೊಡಬೇಕು?

ಬೆಂಗಳೂರಿನಿಂದ ದೆಹಲಿಗೆ ವಿಮಾನದ ಟಿಕೆಟ್ ಬುಕ್ ಮಾಡಲು ಕೂತರೆ, ಅದೇ ವಿಮಾನ, ಅದೇ ಅಳತೆಯ ಸೀಟು, ಆದರೂ ಎರಡು ಮೂರು ಬೆಲೆಗಳು ಕಣ್ಣಿಗೆ ಬೀಳುತ್ತವೆ. ಸ್ವಲ್ಪ ಹೆಚ್ಚು ಕೊಟ್ಟರೆ ದಿನಾಂಕ ಬದಲಿಸಬಹುದು, ರದ್ದು ಮಾಡಿದರೆ ಹೆಚ್ಚಿನ ಹಣ ವಾಪಸ್ ಬರುತ್ತದೆ ಎನ್ನುವ ಫ್ಲೆಕ್ಸಿ ದರ ಅವುಗಳಲ್ಲೊಂದು. ಸಾಮಾನ್ಯ ಟಿಕೆಟ್ 5,000 ರೂಪಾಯಿ, ಫ್ಲೆಕ್ಸಿ 6,500 ಎಂದಿಟ್ಟುಕೊಳ್ಳೋಣ. ರದ್ದು ಮಾಡಿದರೆ ಮೊದಲನೆಯದರಲ್ಲಿ 4,000 ಹೋಗುತ್ತದೆ, ಎರಡನೆಯದರಲ್ಲಿ 500. ಅಂದರೆ ಪ್ರಯಾಣ ನಡೆದರೆ 1,500 ಹೆಚ್ಚು ಕೊಟ್ಟಂತೆ, ನಿಂತುಹೋದರೆ 3,500 ಉಳಿಸಿಕೊಂಡಂತೆ. ಈ ಲೆಕ್ಕ ಸರಿದೂಗಬೇಕಾದರೆ ನಾವು ಬುಕ್ ಮಾಡುವ ನೂರು ಪ್ರಯಾಣಗಳಲ್ಲಿ 30 ರದ್ದಾಗಬೇಕು. ಅಷ್ಟೊಂದು ಪ್ರಯಾಣ ಕೈಬಿಡುವ ಕುಟುಂಬ ಯಾವುದಿದೆ? ಅಂಕಿಗಳನ್ನು ಸ್ವಲ್ಪ ಅತ್ತಿತ್ತ ಸರಿಸಿದರೂ ಫಲ ಹೆಚ್ಚು ಬದಲಾಗದು. ನಾಲ್ವರ ಕುಟುಂಬ ಹೋಗಿ ಬರುವುದಕ್ಕೆ ಇದೇ ಲೆಕ್ಕದಲ್ಲಿ ಹೆಚ್ಚುವರಿ 12,000 ರೂಪಾಯಿ ತೆರಬೇಕಾಗುತ್ತದೆ, ಅದೂ ಎಲ್ಲವೂ ಅಂದುಕೊಂಡಂತೆಯೇ ನಡೆದಾಗ.

ಈ ಸೌಲಭ್ಯ ಇಷ್ಟು ದುಬಾರಿ ಏಕೆ? ಅದನ್ನು ಕೊಡಲು ಕಂಪನಿಗೆ ತಗಲುವ ಖರ್ಚಷ್ಟೇ ಇದಕ್ಕೆ ಕಾರಣವಲ್ಲ ಎಂಬುದನ್ನು ದರಗಳ ಇತಿಹಾಸ ತೋರಿಸುತ್ತದೆ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ ಕೆನ್ ಲಿಟಲ್‌ವುಡ್ ಒಂದು ಸರಳ ಸೂತ್ರ ಕೊಟ್ಟರು: ಕೊನೆಗಳಿಗೆಯಲ್ಲಿ ಪೂರ್ತಿ ದರ ಕೊಡಲು ಬರುವವರಿಂದ ನಿರೀಕ್ಷಿಸಬಹುದಾದ ಹಣಕ್ಕಿಂತ ಈಗ ರಿಯಾಯಿತಿಯಲ್ಲಿ ಸಿಗುವ ಹಣ ಹೆಚ್ಚಿರುವವರೆಗೆ ಮಾತ್ರ ಅಗ್ಗದ ಟಿಕೆಟ್ ಮಾರಬೇಕು. ಮುಂದೆ 1978ರಲ್ಲಿ ಅಮೆರಿಕ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ ಮೇಲೆ ಈ ವಿದ್ಯೆ ಎಲ್ಲೆಡೆ ಹಬ್ಬಿತು. ಆದರೆ ಅಗ್ಗದ ಟಿಕೆಟನ್ನು ವ್ಯವಹಾರಕ್ಕೆ ಓಡಾಡುವವರೂ ಕೊಂಡುಬಿಟ್ಟರೆ ಕಂಪನಿಗೆ ನಷ್ಟ. ಹಾಗಾಗಿ ಅಗ್ಗದ ಟಿಕೆಟ್ ಸುತ್ತ ಬೇಲಿ ಹಾಕಿದರು: ಬದಲಿಸುವಂತಿಲ್ಲ, ರದ್ದು ಮಾಡಿದರೆ ದಂಡ. ಮೀಟಿಂಗ್ ಯಾವಾಗ ಮುಗಿಯುತ್ತದೋ ಗೊತ್ತಿಲ್ಲದವರು ಆ ಬೇಲಿ ದಾಟಲಾರರು; ಅವರ ಟಿಕೆಟ್ ಹಣವನ್ನು ಕಚೇರಿಯೇ ಕೊಡುವುದರಿಂದ ದುಬಾರಿ ದರಕ್ಕೂ ಹಿಂಜರಿಯರು. ಫ್ಲೆಕ್ಸಿ ದರ ಮೂಲತಃ ಅವರ ಜೇಬಿನ ಅಳತೆಗೆ ಹೊಲಿದದ್ದು. 2020ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಯುನೈಟೆಡ್, ಡೆಲ್ಟಾ, ಅಮೆರಿಕನ್ ಈ ಮೂರೂ ಕಂಪನಿಗಳು ಕಡು ಅಗ್ಗದ ಶ್ರೇಣಿಯೊಂದನ್ನು ಬಿಟ್ಟು, ದೇಶದೊಳಗಿನ ಹೆಚ್ಚಿನ ಟಿಕೆಟ್‌ಗಳ ಬದಲಾವಣೆ ಶುಲ್ಕವನ್ನು ಕೈಬಿಟ್ಟವು. ಸೌತ್‌ವೆಸ್ಟ್ ಕಂಪನಿಯಂತೂ ಆ ಶುಲ್ಕವನ್ನು ಮೊದಲಿನಿಂದಲೂ ಹೇರಿರಲಿಲ್ಲ. ಖರ್ಚಿಗಾಗಿಯೇ ವಿಧಿಸಿದ ಶುಲ್ಕವಾಗಿದ್ದರೆ ಕೋವಿಡ್ ಕಾಲದ ಆ ಕಷ್ಟದಲ್ಲಿ ಅದನ್ನು ಬಿಟ್ಟುಕೊಡಲು ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಕೊಳ್ಳುವವರು ಗಮನಿಸುವುದೇ ಕಡಿಮೆ. ಬದಲಾವಣೆ ಶುಲ್ಕವಿಲ್ಲ ಎಂದರೆ ಬದಲಾವಣೆ ಪುಕ್ಕಟೆ ಎಂದಲ್ಲ. ಶುಕ್ರವಾರದ 5,000 ರೂಪಾಯಿ ಟಿಕೆಟನ್ನು ಭಾನುವಾರಕ್ಕೆ ಮುಂದೂಡುವಾಗ ಭಾನುವಾರದ ಸೀಟು 9,000ಕ್ಕೆ ಏರಿದ್ದರೆ, ಉಳಿದ 4,000ವನ್ನು ಫ್ಲೆಕ್ಸಿ ಟಿಕೆಟ್‌ನವರೂ ಸಾಮಾನ್ಯವಾಗಿ ಕಟ್ಟಲೇಬೇಕು. ಪ್ರಯಾಣದ ದಿನ ಹತ್ತಿರವಾದಷ್ಟೂ ದರ ಏರುವುದು ವಾಡಿಕೆ. ಜನರ ಯೋಜನೆ ತಲೆಕೆಳಗಾಗುವುದೂ ಸಾಮಾನ್ಯವಾಗಿ ಆ ಕೊನೆಯ ದಿನಗಳಲ್ಲೇ. ಅಂದರೆ ನಿಜವಾದ ಪೆಟ್ಟು ಬೀಳುವುದು ದರದ ವ್ಯತ್ಯಾಸದಲ್ಲಿ, ಮತ್ತು ಆ ಪೆಟ್ಟನ್ನು ಫ್ಲೆಕ್ಸಿ ತಡೆಯುವುದಿಲ್ಲ. ಜೊತೆಗೆ, ಹಲವು ಫ್ಲೆಕ್ಸಿ ಯೋಜನೆಗಳಲ್ಲಿ ವಿಮಾನ ಹೊರಡುವುದಕ್ಕೆ ಇಷ್ಟು ದಿನ ಅಥವಾ ಇಷ್ಟು ಗಂಟೆ ಮೊದಲೇ ಬದಲಿಸಿರಬೇಕೆಂಬ ಷರತ್ತೂ ಇರುತ್ತದೆ. ಹೊರಡುವ ದಿನ ಬೆಳಿಗ್ಗೆ ಮಗುವಿಗೆ ಜ್ವರ ಬಂದರೆ ಆ ಬಾಗಿಲು ಆಗಲೇ ಮುಚ್ಚಿರಬಹುದು.

ಮತ್ತೆ ಕೆಲವು ಭಯಗಳಿಗೆ ಹಣ ಕೊಡಬೇಕಾದ ಅಗತ್ಯವೇ ಇಲ್ಲ. ಜನವರಿಯ ಮಂಜಿನಲ್ಲಿ ದೆಹಲಿ ವಿಮಾನ ರದ್ದಾದರೆ ಎಂಬ ಹೆದರಿಕೆಯಿಂದ ಫ್ಲೆಕ್ಸಿ ಕೊಳ್ಳುವವರುಂಟು. ಕಂಪನಿಯೇ ವಿಮಾನ ರದ್ದು ಮಾಡಿದಾಗ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ; ಟಿಕೆಟ್ ಎಷ್ಟು ಅಗ್ಗದ್ದಾದರೂ ಸರಿ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ; ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕದಂಥವನ್ನು ಹಣ ಮರಳದ ಟಿಕೆಟ್‌ನವರಿಗೂ ಹಿಂದಿರುಗಿಸಬೇಕು. ಹೊರಡಲು ಸಾಕಷ್ಟು ದಿನಗಳಿದ್ದರೆ, ಬುಕ್ ಮಾಡಿದ ಕೂಡಲೇ ಅಲ್ಪಾವಧಿಯಲ್ಲಿ ದಂಡವಿಲ್ಲದೆ ರದ್ದು ಮಾಡುವ ಅವಕಾಶವೂ ಉಂಟು. ತಾರೀಖು ತಪ್ಪಾಗಿ ಒತ್ತಿದವರಿಗೆ ಅಷ್ಟೇ ಸಾಕು.

ಮನಸ್ಸಿನ ನೆಮ್ಮದಿಗೂ ಒಂದು ಬೆಲೆ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ವಿಮೆಯನ್ನು ಯಾರೂ ಲಾಭಕ್ಕಾಗಿ ಮಾಡಿಸುವುದಿಲ್ಲ. ಮನೆಗೆ ಬೆಂಕಿ ಬೀಳುವುದು ಅಪರೂಪವಾದರೂ ಬಿದ್ದರೆ ಸಂಸಾರವೇ ಬೀದಿಗೆ ಬರುತ್ತದೆ, ಅದಕ್ಕೇ ವಿಮೆ. ನಾಲ್ಕು ಸಾವಿರದ ನಷ್ಟ ನೋವಿನದೇ, ಆದರೆ ವಿಮಾನದ ಟಿಕೆಟ್ ಕೊಳ್ಳಬಲ್ಲವರನ್ನು ಅದು ಬೀಳಿಸಲಾರದು. ಕೈ ಬಿಗಿ ಇರುವವರಿಗೆ ಆ ನಾಲ್ಕು ಸಾವಿರವೂ ದೊಡ್ಡದಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಆದರೆ ಅವರಿಗೆ ಪ್ರತಿ ಸಲದ 1,500ವೂ ಅಷ್ಟೇ ದೊಡ್ಡದು: ಮೂರು ಪ್ರಯಾಣಗಳಲ್ಲಿ ಅದನ್ನು ಉಳಿಸಿದರೆ ಒಂದು ರದ್ದತಿಯ ನಷ್ಟ ತುಂಬಿ ಇನ್ನೂ 500 ಮಿಗುತ್ತದೆ. ಊಟ, ಸೀಟಿನ ಆಯ್ಕೆ ಎಲ್ಲ ಸೇರಿಸಿ ಫ್ಲೆಕ್ಸಿ ಮಾರುವಾಗ ಮಾತ್ರ ಲೆಕ್ಕ ಬೇರೆಯಾಗಬಹುದು. ಅವನ್ನು ಹೇಗೂ ಕೊಳ್ಳುವವರಾಗಿದ್ದರೆ ಅವುಗಳ ಬೆಲೆ ಕಳೆದು ನೋಡಬೇಕು.

ಹಾಗಾದರೆ ಇದು ಯಾರಿಗೆ ತಕ್ಕದ್ದು? ಪ್ರಯಾಣ ಏಕೆ ನಿಲ್ಲಬಹುದು ಎಂಬುದನ್ನು ಬುಕ್ ಮಾಡುವ ದಿನವೇ ಬಾಯಿಬಿಟ್ಟು ಹೇಳಬಲ್ಲವರಿಗೆ. ಏನಾದರೂ ಆದರೆ ಎಂಬ ಅಳುಕು ಸಾಲದು, ಏನು ಆಗಬಹುದೆಂದು ತಿಳಿದಿರಬೇಕು. ಸುಪ್ರೀಂ ಕೋರ್ಟಿನ ಕೇಸಿಗೆ ದೆಹಲಿಗೆ ಹೋಗುವವರಿಗೆ ವಾಯಿದೆ ಬೀಳುವ ಸಂಭವ ಗೊತ್ತಿರುತ್ತದೆ. ಅವರ ಮಟ್ಟಿಗೆ ನೂರಕ್ಕೆ 30 ಅತಿಯಾದ ಅಂಕಿಯಲ್ಲ. ಲಗ್ನಪತ್ರಿಕೆ ಅಚ್ಚಾದ ಮದುವೆಗೆ ಹೋಗುವವರಿಗೆ ಆ ಚಿಂತೆ ಇಲ್ಲ. ದೇಶದೊಳಗೆ ಹೋಗುವ, ಬರುವ ಟಿಕೆಟ್‌ಗಳನ್ನು ಬೇರೆಬೇರೆಯಾಗಿ ಕೊಳ್ಳಬಹುದಾದ್ದರಿಂದ, ಹೋಗುವ ದಿನ ಖಚಿತವಿದ್ದು ಬರುವ ದಿನ ಮಾತ್ರ ಅನಿಶ್ಚಿತವಾಗಿದ್ದರೆ ಆ ಒಂದಕ್ಕಷ್ಟೇ ಹೆಚ್ಚು ಕೊಟ್ಟರಾಯಿತು. ಇನ್ನು ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ತಾಯಿಯ ವಿಷಯ. ಟಿಕೆಟಿನ ಮೊತ್ತವೇ ದೊಡ್ಡದು. ಡಾಕ್ಟರ್ ಕೊಟ್ಟ ತಾರೀಖಿಗಿಂತ ಹೆರಿಗೆ ಎರಡು ವಾರ ಹಿಂದೆ ಮುಂದೆ ಆಗಬಹುದು. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ, ಆದರೆ ಎಷ್ಟು ದಿನ ಎಂದು ಗೊತ್ತಾಗುವುದು ಇಳಿದ ಮೇಲೆ ವಲಸೆ ಅಧಿಕಾರಿ ನಿಗದಿಪಡಿಸಿದಾಗ. ಇಲ್ಲಿ ವಾಪಸ್ ದಿನಾಂಕ ಬದಲಾಗದಿದ್ದರೇ ಆಶ್ಚರ್ಯ. ಶುಲ್ಕವಿಲ್ಲದೆ ಅದನ್ನು ಬದಲಿಸಬಹುದಾದ ಟಿಕೆಟಿಗೆ ಕೆಲವು ಸಾವಿರ ಹೆಚ್ಚು ಕೊಟ್ಟಿದ್ದರೆ, ಮಗುವಿಗೆ ಮೂರು ತಿಂಗಳು ತುಂಬುವವರೆಗೆ ಇರಬೇಕೋ, ಐದಾಗುವವರೆಗೋ ಎಂಬುದನ್ನು ಮಗಳ ಮೈಸ್ಥಿತಿ ನೋಡಿಕೊಂಡು ತೀರ್ಮಾನಿಸಬಹುದು.