ಕಾಲುವೆಯೂ ಪಠ್ಯವಾಗಲಿ: ಆರ್.ಎಚ್. ಕ್ಯಾಂಪ್ ಮತ್ತು ನಮ್ಮ ನಿರ್ವಹಣಾ ಶಿಕ್ಷಣ

ಅಣೆಕಟ್ಟೆಯ ಒಂದು ಸರಪಳಿ ಕಡಿದರೆ ಅದರ ಪೆಟ್ಟು ಎಷ್ಟು ಮನೆಗಳ ಒಲೆಯನ್ನು ಮುಟ್ಟುತ್ತದೆಂಬುದನ್ನು ನಮ್ಮ ಭಾಗದ ಜನರು ಕಣ್ಣಾರೆ ಕಂಡಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಹತ್ತಾರು ಟಿಎಂಸಿ ನೀರು ನದಿಯ ಪಾಲಾಯಿತು. ಒಂದು ವಾರದ ಹಗಲಿರುಳ ಶ್ರಮದಿಂದ ತಾತ್ಕಾಲಿಕ ಗೇಟನ್ನು ಕೂರಿಸಿದ ತಂತ್ರಜ್ಞರ ಮತ್ತು ಕಾರ್ಮಿಕರ ಕಾಯಕವನ್ನು ನಾಡೇ ಕೊಂಡಾಡಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಸುರಕ್ಷತೆಯ ದೃಷ್ಟಿಯಿಂದ ಜಲಾಶಯದಲ್ಲಿ ಸುಮಾರು 80 ಟಿಎಂಸಿಯಷ್ಟೇ ನೀರನ್ನು ನಿಲ್ಲಿಸಲಾಯಿತು. ಎಲ್ಲ 33 ಗೇಟುಗಳನ್ನು ಬದಲಿಸುವ ಸಲುವಾಗಿ 2025-26ರ ಎರಡನೆಯ ಬೆಳೆಗೆ ನೀರು ಬಿಡದಿರುವ ತೀರ್ಮಾನ ಹೊರಬಿತ್ತು. ಎಡದಂಡೆಯ ಊರುಗಳಲ್ಲಿ ಅದು ಒಂದು ಬೆಳೆಯ ನಷ್ಟ ಮಾತ್ರವಾಗಿರಲಿಲ್ಲ. ನಾಟಿಯ ಕೂಲಿ, ಕೊಯ್ಲಿನ ಕೂಲಿ, ಗಿರಣಿಯ ಹಮಾಲಿ, ಗೊಬ್ಬರದಂಗಡಿಯ ಉದ್ರಿ, ಮಗಳ ಮದುವೆಯ ಮುಹೂರ್ತ ಎಲ್ಲವೂ ಆ ಒಂದು ತೀರ್ಮಾನಕ್ಕೆ ಜೋತುಬಿದ್ದಿದ್ದವು.

ಈ ಸಂದರ್ಭದಲ್ಲಿ ನಾವು ಎತ್ತಬಯಸುವ ಪ್ರಶ್ನೆ ಮೇಲ್ನೋಟಕ್ಕೆ ದೂರದ್ದೆಂದು ತೋರಬಹುದು. ನಮ್ಮ ಕಾಲೇಜುಗಳಲ್ಲಿ ಬಿಬಿಎ, ಎಂಬಿಎ ಎಂಬ ಹೆಸರಿನಲ್ಲಿ ನಡೆಯುತ್ತಿರುವ ವ್ಯವಹಾರ ನಿರ್ವಹಣೆಯ ಬೋಧನೆಗೂ ಸಂಶೋಧನೆಗೂ ಈ ನೀರಿಗೂ ಏನಾದರೂ ಸಂಬಂಧವಿದೆಯೇ? ಇದೆಯೆಂಬುದೇ ನಮ್ಮ ವಿನಮ್ರ ಅಭಿಪ್ರಾಯ. ಸಂಬಂಧವಿರುವುದು ಮಾತ್ರವಲ್ಲ, ಅದನ್ನು ಕಾಣದೆ ಹೋದದ್ದೇ ನಮ್ಮ ಶಿಕ್ಷಣದ ದೊಡ್ಡ ಕೊರತೆ.

ಆರ್.ಎಚ್. ಕ್ಯಾಂಪ್ ಎಂಬ ಪಾಠಶಾಲೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳ ಹೆಸರಿನಲ್ಲಿಯೇ ಅವುಗಳ ಚರಿತ್ರೆಯಿದೆ. ಅವು ಪುನರ್ವಸತಿ ಶಿಬಿರಗಳು. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ನೆಲೆ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಭೂಮಿ ಮತ್ತು ಮನೆ ಕೊಟ್ಟು ನೆಲೆಗೊಳಿಸಿತು. ನದಿಮುಖಜ ಭೂಮಿಯಲ್ಲಿ, ನೀರಿನ ನಡುವೆ ಹುಟ್ಟಿ ಬೆಳೆದವರು ಎರೆನೆಲದ ಬಿಸಿಲುನಾಡಿಗೆ ಬಂದು ಬೇರೂರಿದರು. ಅವರಿಗೂ ಮೊದಲೇ ಕಾಲುವೆಯ ನೀರನ್ನು ನೆಚ್ಚಿ ಆಂಧ್ರದ ರೈತರು ಬಂದು ಕಟ್ಟಿಕೊಂಡ ಕ್ಯಾಂಪುಗಳು ಸುತ್ತಲೂ ಇದ್ದವು. ಜೋಳ, ಹತ್ತಿ, ನವಣೆಗಳ ನಾಡು ಹೀಗೆ ಕೆಲವೇ ದಶಕಗಳಲ್ಲಿ ಭತ್ತದ ನಾಡಾಯಿತು. ಸಿಂಧನೂರು, ಮಸ್ಕಿ, ಕಾರಟಗಿ, ಗಂಗಾವತಿಗಳ ಅಕ್ಕಿ ಗಿರಣಿಗಳು ಈ ಬದಲಾವಣೆಯ ಮೇಲೆಯೇ ನಿಂತಿವೆ. ನಾವು ಉಣ್ಣುವ ಸೋನಾ ಮಸೂರಿಯ ತುತ್ತಿನಲ್ಲಿ ಕನ್ನಡಿಗರ, ತೆಲುಗರ, ಬಂಗಾಳಿಗಳ ಬೆವರು ಬೆರೆತಿದೆ.

ಆದರೆ ಈ ಕಾಲುವೆಯನ್ನು ಕಟ್ಟಿದವರ ಎಣಿಕೆ ಬೇರೆಯಾಗಿತ್ತು. 1945ರಲ್ಲಿ ಅಂದಿನ ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯಗಳು ಸೇರಿ ಅಡಿಗಲ್ಲಿಟ್ಟ ಈ ಯೋಜನೆಯ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಬರದ ಸೀಮೆಯಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬೆಳೆಯನ್ನು ಕಾಪಾಡುವುದು ಅದರ ಉದ್ದೇಶ. ಯಾವ ಹೊಲದಲ್ಲಿ ಯಾವ ಬೆಳೆ ಎಂಬುದನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ಭತ್ತಕ್ಕೆ ಅದರಲ್ಲಿ ಸಿಕ್ಕಿದ್ದು ಸಣ್ಣ ಪಾಲು. ಲೆಕ್ಕವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಜೋಳದ ಬೆಳೆಗೆ ಸುಮಾರು 500 ಮಿಲಿಮೀಟರ್ ನೀರು ಸಾಕಾದರೆ ನಾಟಿ ಭತ್ತಕ್ಕೆ ಸುಮಾರು 1250 ಮಿಲಿಮೀಟರ್ ಬೇಕು. ಎಕರೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದಕ್ಕೆ 20 ಲಕ್ಷ ಲೀಟರ್, ಇನ್ನೊಂದಕ್ಕೆ 50 ಲಕ್ಷ ಲೀಟರ್. ಕಾಲುವೆಯ ತಲೆಭಾಗದಲ್ಲಿ ಒಂದು ಎಕರೆ ಭತ್ತ ಹೆಚ್ಚಾದರೆ ಕೊನೆಭಾಗದಲ್ಲಿ ಎರಡೂವರೆ ಎಕರೆ ಜೋಳದ ನೀರು ಕಡಿಮೆಯಾಗುತ್ತದೆ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ವರ್ಷವರ್ಷವೂ ರಸ್ತೆಗಿಳಿಯುವುದರ ಹಿಂದೆ ಈ ಸರಳ ಗಣಿತವಿದೆ.

ದೂರದವರು ಕಂಡದ್ದು, ಹತ್ತಿರದವರು ಕಾಣದ್ದು

ಈ ಕಾಲುವೆಯನ್ನು ಅತ್ಯಂತ ಕೂಲಂಕಷವಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರು ನೆದರ್ಲೆಂಡಿನ ವಿದ್ವಾಂಸರಾದ ಪೀಟರ್ ಮೊಲ್ಲಿಂಗಾ. 1990ರ ದಶಕದ ಆರಂಭದಲ್ಲಿ ಅವರು ಎಡದಂಡೆಯ ಹಳ್ಳಿಗಳಲ್ಲಿ ಇದ್ದು, ತೂಬುಗಳ ಬಳಿ ನಿಂತು ನೋಡಿ, 1998ರಲ್ಲಿ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧವನ್ನು ಸಲ್ಲಿಸಿದರು. ಅದು ಮುಂದೆ ಗ್ರಂಥವಾಗಿಯೂ ಪ್ರಕಟವಾಯಿತು. ಕಾಲುವೆಯ ನೀರು ಕಾಗದದ ನಿಯಮದಂತೆ ಹರಿಯುವುದಿಲ್ಲ, ರೈತ, ನೀರಗಂಟಿ, ಎಂಜಿನಿಯರ್, ಶಾಸಕ ಇವರೆಲ್ಲರ ನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಅದರ ದಾರಿ ತೀರ್ಮಾನವಾಗುತ್ತದೆ ಎಂಬುದನ್ನು ಅವರು ವಿವರವಾಗಿ ತೋರಿಸಿದರು. ಸಾವಿರಾರು ಮೈಲಿ ದೂರದಿಂದ ಬಂದವರು ನಮ್ಮ ತೂಬಿನ ಬಳಿ ಕುಳಿತು ಕಲಿತರು. ತೂಬಿನ ಪಕ್ಕದ ಕಾಲೇಜಿನಲ್ಲಿರುವ ನಾವು ಸಾವಿರಾರು ಮೈಲಿ ದೂರದ ಮೋಟಾರು ಕಾರ್ಖಾನೆಯ ದೃಷ್ಟಾಂತವನ್ನು ಉರುಹೊಡೆಯುತ್ತೇವೆ. ಆ ದೃಷ್ಟಾಂತ ಬೇಡವೆಂದಲ್ಲ. ಅದರಿಂದ ಕಲಿತ ಕಣ್ಣು ಮನೆಯ ಮುಂದಿನದನ್ನೂ ನೋಡಬೇಕೆಂಬುದು ನಮ್ಮ ಆಶಯ.

ಕಾರ್ಯಾಚರಣೆಯ ನಿರ್ವಹಣೆ ಎಂಬ ಶಾಸ್ತ್ರ ಕಲಿಸುವುದಾದರೂ ಏನನ್ನು? ಸಾಲಾಗಿ ನಿಂತ ಕೆಲಸದ ಹಂತಗಳಲ್ಲಿ ಮೊದಲನೆಯದು ಅತಿಯಾಗಿ ಎಳೆದುಕೊಂಡರೆ ಕೊನೆಯದು ಹಸಿದು ನಿಲ್ಲುತ್ತದೆ. ದಾಸ್ತಾನು ಎಷ್ಟಿದೆಯೆಂದು ಅರಿಯದೆ ಮಾತು ಕೊಡಬಾರದು. ಯಂತ್ರ ಮುರಿದ ಮೇಲೆ ದುರಸ್ತಿ ಮಾಡುವುದಕ್ಕಿಂತ ಮುರಿಯುವ ಮೊದಲೇ ಪರೀಕ್ಷಿಸುವುದು ಅಗ್ಗ. ಈ ಮೂರೂ ಸೂತ್ರಗಳು ತುಂಗಭದ್ರೆಯಲ್ಲಿ ಪ್ರತ್ಯಕ್ಷವಾಗಿವೆ. ತಲೆಭಾಗ ಮತ್ತು ಕೊನೆಭಾಗದ ವ್ಯಾಜ್ಯ ಮೊದಲನೆಯದು. 133 ಟಿಎಂಸಿ ಸಾಮರ್ಥ್ಯದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿರುವುದು ಎರಡನೆಯದು. ಎಪ್ಪತ್ತು ವರ್ಷ ದುಡಿದ ಸರಪಳಿ ಒಂದು ರಾತ್ರಿ ಕಡಿದದ್ದು ಮೂರನೆಯದು. ಇದಕ್ಕಿಂತ ಹತ್ತಿರದ ಪಠ್ಯಪುಸ್ತಕ ಯಾವ ವಿದ್ಯಾರ್ಥಿಗೆ ಸಿಕ್ಕೀತು?

ಸುಸ್ಥಿರತೆ ಎಂಬ ಮಾತಿನ ತೂಕ

ಇಂದು ನಿರ್ವಹಣಾ ತರಗತಿಗಳಲ್ಲಿ ಸುಸ್ಥಿರತೆಯ ಮಾತು ಧಾರಾಳವಾಗಿ ಕೇಳಿಬರುತ್ತದೆ. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದಿತು. ಷೇರುಪೇಟೆಯ ಅಗ್ರ ಸಾವಿರ ಕಂಪನಿಗಳು ತಮ್ಮ ಪರಿಸರ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಸೆಬಿ 2022-23ರಿಂದ ಕಡ್ಡಾಯಗೊಳಿಸಿತು. ಇವು ಒಳ್ಳೆಯ ಕ್ರಮಗಳೇ. ಆದರೆ ಸಿಂಧನೂರಿನ ಗಿರಣಿಯಾಗಲಿ, ವಿತರಣಾ ಕಾಲುವೆಯಾಗಲಿ, ಐದೆಕರೆಯ ರೈತನಾಗಲಿ ಆ ಪಟ್ಟಿಯಲ್ಲಿ ಬರುವುದಿಲ್ಲ. ವರದಿಯ ಭಾಷೆ ಕಲಿತ ಪದವೀಧರನು ಊರಿಗೆ ಮರಳಿದಾಗ ಅವನ ವಿದ್ಯೆಗೆ ಇಲ್ಲಿ ಕೆಲಸವೇ ಇಲ್ಲವೆಂಬಂತೆ ತೋರುತ್ತದೆ. ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ಕೆಲಸ ಇಲ್ಲಿಯೇ ಬೇಕಾದಷ್ಟಿದೆ. ನೂರು ಕೆಜಿ ಭತ್ತ ಗಿರಣಿಗೆ ಬಂದರೆ ಸುಮಾರು 65 ಕೆಜಿ ಅಕ್ಕಿ, 20 ಕೆಜಿ ಹೊಟ್ಟು, 8 ಕೆಜಿಯಷ್ಟು ತೌಡು ಹೊರಬರುತ್ತದೆ. ಹೊಟ್ಟನ್ನು ಉರಿಸಿದರೆ ಅದರ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಸಿಲಿಕಾ ತುಂಬಿದ ಆ ಬೂದಿ ರಸ್ತೆಬದಿಯಲ್ಲಿ ಬಿದ್ದರೆ ಜನರ ಕಣ್ಣಿಗೂ ಶ್ವಾಸಕ್ಕೂ ಪೀಡೆ. ಇಟ್ಟಿಗೆಗೂ ಸಿಮೆಂಟಿಗೂ ಸೇರಿದರೆ ಅದೇ ಸರಕು. ಕುಚ್ಚಲಕ್ಕಿ ಬೇಯಿಸಿದ ನೀರು ಹಳ್ಳ ಸೇರಿದರೆ ಕೊಳೆ, ಶುದ್ಧಿಯಾಗಿ ಮರಳಿದರೆ ಉಳಿತಾಯ. ಒಂದರ ಕಸವನ್ನು ಇನ್ನೊಂದರ ಕಚ್ಚಾವಸ್ತುವಾಗಿ ಹೊಂದಿಸುವ ಈ ಲೆಕ್ಕವನ್ನು ಯಾವ ವಿದ್ಯಾರ್ಥಿಯಾದರೂ ಮಾಡಿಕೊಟ್ಟರೆ ಗಿರಣಿಯವರಿಗೂ ಊರಿಗೂ ಉಪಕಾರವಾದೀತು.

ನೆಲದ ಲೆಕ್ಕ ಇನ್ನೂ ಗಂಭೀರವಾದುದು. ತುಂಗಭದ್ರಾ ಅಚ್ಚುಕಟ್ಟಿನ ಸುಮಾರು 3.63 ಲಕ್ಷ ಹೆಕ್ಟೇರಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಜೌಗು ಮತ್ತು ಸವುಳಿನ ಬಾಧೆಗೆ ಒಳಗಾಗಿದೆಯೆಂಬುದು ಕೃಷಿ ವಿಜ್ಞಾನಿಗಳ ಅಂದಾಜು. ಎರೆನೆಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಸಿದು ಹೋಗದ ನೀರು ಆಳದ ಉಪ್ಪನ್ನು ಮೇಲಕ್ಕೆ ತರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವುಳು ನೆಲದ ಸುಧಾರಣೆಗಾಗಿ, ನೆಲದಡಿಯ ಬಸಿಗಾಲುವೆಗಳಿಗಾಗಿ ದೀರ್ಘಕಾಲದಿಂದ ದುಡಿದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯವು ನಾಟಿಯಿಲ್ಲದ ಕೂರಿಗೆ ಬಿತ್ತನೆಯ ಭತ್ತವನ್ನು ರೈತರಿಗೆ ಪರಿಚಯಿಸಿದೆ. ನೀರು ಉಳಿಯುತ್ತದೆ, ಖರ್ಚು ಇಳಿಯುತ್ತದೆ. ಆದರೂ ಎಲ್ಲರೂ ಏಕೆ ಅದನ್ನು ಹಿಡಿಯಲಿಲ್ಲ? ಕಳೆಯ ಕಾಟವೇ, ನೀರು ಸಿಕ್ಕಾಗ ತುಂಬಿಸಿಕೊಳ್ಳಬೇಕೆಂಬ ಭಯವೇ, ಗೇಣಿದಾರನಿಗೆ ನಾಳಿನ ನೆಲದ ಚಿಂತೆ ಇಲ್ಲದಿರುವುದೇ, ನಾಟಿ ನಿಂತರೆ ಹೆಣ್ಣಾಳುಗಳ ಕೂಲಿ ಹೋಗುತ್ತದೆಂಬುದೇ? ಇವು ಬೀಜದ ಪ್ರಶ್ನೆಗಳಲ್ಲ, ನಿರ್ವಹಣೆಯ ಪ್ರಶ್ನೆಗಳು. ಕೃಷಿ ವಿಜ್ಞಾನಿಯ ಕೆಲಸ ಮುಗಿಯುವಲ್ಲಿ ನಿರ್ವಹಣಾ ಸಂಶೋಧಕನ ಕೆಲಸ ಆರಂಭವಾಗಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಭತ್ತ ಬೆಳೆದವರೆಲ್ಲರೂ ಆಸೆಬುರುಕರೆಂದು ತೀರ್ಪು ಕೊಡುವುದು ಸುಲಭ, ಆದರೆ ಅನ್ಯಾಯ. ಭತ್ತಕ್ಕೆ ಮನೆಬಾಗಿಲಲ್ಲೇ ಗಿರಣಿಯಿದೆ, ಸಾಲ ಕೊಡುವವರಿದ್ದಾರೆ, ಕೊಳ್ಳುವವರಿದ್ದಾರೆ. ಜೋಳಕ್ಕೆ ಅಂಥ ಆಸರೆಯಿಲ್ಲ. ಮೇಲಿನ ಹೊಲದ ನೀರು ಬಸಿದು ಜೌಗಾದ ಹೊಲದಲ್ಲಿ ಭತ್ತ ಬಿಟ್ಟು ಬೇರೆ ಬೆಳೆಯೂ ಬಾರದು. ಎಲ್ಲಿಂದಲೋ ಬರಿಗೈಯಲ್ಲಿ ಬಂದು ಕ್ಯಾಂಪಿನಲ್ಲಿ ಬದುಕು ಕಟ್ಟಿಕೊಂಡ ಕುಟುಂಬಕ್ಕೆ ತಾನು ಬಲ್ಲ ಬೆಳೆಯನ್ನು ಬಿಡೆಂದು ಹೇಳುವ ಮೊದಲು ಅದರ ಬದಲಿಗೆ ಏನು, ಯಾರು ಕೊಳ್ಳುತ್ತಾರೆ, ನಷ್ಟವಾದರೆ ಯಾರು ಹೊರುತ್ತಾರೆ ಎಂಬುದಕ್ಕೆ ಉತ್ತರವಿರಬೇಕು. ಉಪದೇಶದಿಂದ ಬೆಳೆ ಬದಲಾಗುವುದಿಲ್ಲ, ವ್ಯವಸ್ಥೆಯಿಂದ ಬದಲಾಗುತ್ತದೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಾಮ್ ಜೀವನವಿಡೀ ಶೋಧಿಸಿದ್ದು ಇದನ್ನೇ. ಎಲ್ಲರಿಗೂ ಸೇರಿದ ನೀರು, ಕಾಡು, ಮೀನುಗಳನ್ನು ಜನರೇ ಕೂಡಿ ಕಾಪಾಡಿಕೊಂಡು ಬಂದ ನಿದರ್ಶನಗಳನ್ನು ಅವರು ಜಗತ್ತಿನಾದ್ಯಂತದಿಂದ ಕಲೆಹಾಕಿದರು. ಪಾಲುದಾರರು ಯಾರೆಂಬುದು ಸ್ಪಷ್ಟವಿರಬೇಕು, ನಿಯಮವನ್ನು ಪಾಲಿಸುವವರೇ ನಿಯಮ ಮಾಡಬೇಕು, ನಿಗಾ ಇಡುವವನು ಪಾಲುದಾರರಿಗೆ ಉತ್ತರ ಕೊಡಬೇಕು, ಮೊದಲ ತಪ್ಪಿಗೆ ಸಣ್ಣ ದಂಡವಿರಬೇಕು ಎಂಬುದು ಅವರ ಶೋಧನೆಯ ಸಾರ. ನಮ್ಮಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಅವು ಹೆಸರಿಗಷ್ಟೇ ಉಳಿಯದೆ ಉಸಿರಾಡಬೇಕಾದರೆ ಲೆಕ್ಕ ಬಲ್ಲ, ಊರಿನ ಮಾತು ಬಲ್ಲ ತರುಣ ತರುಣಿಯರು ಬೇಕು.

ಲಕ್ಕಮ್ಮ ತಾಯಿಯ ಲೆಕ್ಕ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ಊರು. ಕಲ್ಯಾಣದಲ್ಲಿ ಮಾರಯ್ಯನವರ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರೆಂಬುದು ನಮಗೆಲ್ಲ ತಿಳಿದ ಸಂಗತಿ. ಈ ಪ್ರಸಂಗದಲ್ಲಿ ಭಕ್ತಿ ಮಾತ್ರವಲ್ಲ, ಕಟ್ಟುನಿಟ್ಟಾದ ಲೆಕ್ಕವೂ ಇದೆಯೆಂಬುದನ್ನು ನಾವು ಗಮನಿಸಬೇಕು. ಚೆಲ್ಲಿದ್ದು ವ್ಯರ್ಥವಾಗಬಾರದು, ಅಗತ್ಯಕ್ಕಿಂತ ಹೆಚ್ಚು ಎಳೆದುಕೊಳ್ಳಬಾರದು, ಹೆಚ್ಚು ಬಂದಿದೆಯೆಂದು ಗುರುತಿಸಲು ನಿತ್ಯದ ಅಳತೆ ತಿಳಿದಿರಬೇಕು. ಅಳತೆ ಗೊತ್ತಿದ್ದುದರಿಂದಲೇ ಆ ತಾಯಿಗೆ ಹೆಚ್ಚಿನದು ಕಂಡಿತು.

ಆದುದರಿಂದ ನಮ್ಮ ಸಲಹೆ ಮೊದಲು ನಮ್ಮ ಮನೆಗೇ ಅನ್ವಯಿಸಬೇಕು. ನಾಡಿನ ಮಠಗಳು ನೂರಾರು ಶಾಲೆ ಕಾಲೇಜುಗಳನ್ನು, ನಿತ್ಯ ದಾಸೋಹಗಳನ್ನು ನಡೆಸುತ್ತಿವೆ. ನಮ್ಮ ದಾಸೋಹದ ಮನೆಯಲ್ಲಿ ಎಷ್ಟು ಅಕ್ಕಿ ಬೆಂದಿತು, ಎಷ್ಟು ಎಲೆಯಲ್ಲಿ ಉಳಿಯಿತು, ಎಷ್ಟು ನೀರು ಮತ್ತು ಸೌದೆ ಖರ್ಚಾಯಿತು ಎಂಬ ದಿನಚರಿಯನ್ನು ನಮ್ಮದೇ ಎಂಬಿಎ ವಿದ್ಯಾರ್ಥಿಗಳು ಬರೆಯಲಿ. ಅನಂತರ ಒಂದು ಗಿರಣಿಗೆ, ಒಂದು ನೀರು ಬಳಕೆದಾರರ ಸಂಘಕ್ಕೆ, ಒಂದು ಆರ್.ಎಚ್. ಕ್ಯಾಂಪಿಗೆ ಹೋಗಿ ಒಂದು ಹಂಗಾಮು ಪೂರ್ತಿ ಕುಳಿತು ಕಲಿಯಲಿ. ಕಂಡದ್ದನ್ನು ಕನ್ನಡದಲ್ಲಿ ಬರೆದು ಆ ಊರಿನವರ ಮುಂದೆಯೇ ಓದಲಿ. ತಪ್ಪಿದ್ದರೆ ಊರಿನವರು ತಿದ್ದಲಿ. ರಾಯಚೂರು, ಬಳ್ಳಾರಿ, ಕೊಪ್ಪಳದ ವಿಶ್ವವಿದ್ಯಾಲಯಗಳು ಅಂಥ ಬರಹಕ್ಕೆ ಅಂಕ ಕೊಡುವ ದೊಡ್ಡ ಮನಸ್ಸು ಮಾಡಲಿ.

ಗೇಟುಗಳು ಹೊಸದಾಗುತ್ತವೆ, ನೀರು ಮತ್ತೆ ಬರುತ್ತದೆ. ಬಂದ ನೀರು ಕಾಲುವೆಯ ಕೊನೆಯ ಹೊಲವನ್ನು ಮುಟ್ಟುತ್ತದೆಯೇ ಎಂಬುದು ಮಾತ್ರ ಕಬ್ಬಿಣದ ಗೇಟಿನಿಂದ ತೀರ್ಮಾನವಾಗುವುದಿಲ್ಲ. ಅದು ತನ್ನ ಪಾಲೆಷ್ಟೆಂದು ಅರಿತವರಿಂದ, ಹೆಚ್ಚಾದುದನ್ನು ಹಿಂದಿರುಗಿಸಬಲ್ಲವರಿಂದ ತೀರ್ಮಾನವಾಗುತ್ತದೆ. ಅಂಥವರನ್ನು ಸಿದ್ಧಗೊಳಿಸುವುದೇ ವಿದ್ಯೆಯ ಕಾಯಕವೆಂದು ನಾವು ನಂಬುತ್ತೇವೆ.