ಪಿಯುಸಿ ರಿಸಲ್ಟ್ ದಿನ ನಿಮಗೇ ಫೋನ್ ಬಂದರೆ

ಏಪ್ರಿಲ್ ಎರಡನೇ ವಾರ ಅಂದ್ರೆ ನಮ್ಮಂಥವರಿಗೆ ಊರಿಂದ ಫೋನ್ ಬರೋ ಸಮಯ. ಕುವೆಂಪುನಗರದ ಚಿಕ್ಕಮ್ಮನೋ, ಸರಸ್ವತಿಪುರಂನ ಅತ್ತೆಯೋ ಮಾಡ್ತಾರೆ. "ನೋಡಪ್ಪ, ಪಿಯುಸಿ ರಿಸಲ್ಟ್ ಬಂತು. ಫಿಸಿಕ್ಸ್‌ನಲ್ಲಿ 62 ಅಷ್ಟೇ ಅಂತೆ. ಇನ್ನೊಂದ್ಸಲ ಬರೀಲಾ, ಪೇಪರ್ ತರಿಸೋದಾ? ನೀನು ಇಂಜಿನಿಯರಿಂಗ್ ಮಾಡಿದೋನು, ಹೇಳು." ನಾವು "ಏನೂ ಆಗಲ್ಲ ಬಿಡಿ ಚಿಕ್ಕಮ್ಮ" ಅಂತೀವಿ, ಮೀಟಿಂಗ್‌ಗೆ ವಾಪಸ್ ಹೋಗ್ತೀವಿ.

"ಏನೂ ಆಗಲ್ಲ" ಅನ್ನೋದು ಸಮಾಧಾನದ ಮಾತು, ಆದರೆ ಅವರು ಕೇಳಿದ್ದು ಸಲಹೆ. ನಾವು ಬರೆದಾಗಿನ ಲೆಕ್ಕ ಈಗ ನಡೆಯಲ್ಲ ಅನ್ನೋದು ಮೊದಲು ಗೊತ್ತಿರಬೇಕು. ನಮ್ಮ ಕಾಲಕ್ಕೆ ವಾರ್ಷಿಕ ಪರೀಕ್ಷೆ, ಅದು ಹೋದ್ರೆ ಸಪ್ಲಿಮೆಂಟರಿ. 2024 ಮತ್ತು 2025ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿತು. ಪಾಸಾದವರೂ ಬೇಕಾದ ವಿಷಯವನ್ನ ಮತ್ತೆ ಬರೀಬಹುದು. ಬರೆದದ್ದರಲ್ಲಿ ಯಾವುದು ಹೆಚ್ಚೋ ಆ ಅಂಕವೇ ಉಳಿಯುತ್ತೆ. ಎರಡನೇ ಸಲ ಬರೆದು ಕಡಿಮೆ ಬಂತು ಅಂದ್ರೆ ಹಳೇ ಅಂಕ ಎಲ್ಲೂ ಹೋಗಲ್ಲ. ಈ ಒಂದು ಮಾತು ಎಷ್ಟೋ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಎರಡನೆಯದು ಕ್ಯಾಲೆಂಡರ್. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ. ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ. ಪರೀಕ್ಷೆ-2 ಶುರುವಾದದ್ದು ಏಪ್ರಿಲ್ 24ಕ್ಕೆ. ಅದರ ಹಿಂದಿನ ವರ್ಷವೂ ಹೆಚ್ಚುಕಮ್ಮಿ ಇದೇ ಕಥೆ: ಫಲಿತಾಂಶ ಏಪ್ರಿಲ್ 10, ಸಿಇಟಿ 18 ಮತ್ತು 19, ಪರೀಕ್ಷೆ-2 ಏಪ್ರಿಲ್ 29. ಅಂದ್ರೆ ರಿಸಲ್ಟ್ ಬಂದ ಮೇಲೆ ಸಿಇಟಿಗೆ ಇರೋದು ಒಂದು ವಾರ. ಆ ವಾರವನ್ನ ಅಳುವಿನಲ್ಲೋ, ನೆಂಟರಿಗೆ ಉತ್ತರ ಕೊಡೋದರಲ್ಲೋ ಕಳೆದುಬಿಟ್ರೆ ನಷ್ಟ ದೊಡ್ಡದು.

ಎಷ್ಟು ದೊಡ್ಡದು? ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ 180 ಅಂಕಕ್ಕೆ ಇನ್ನರ್ಧ. 300 ಅಂಕ ಸೇರಿ 50 ಪಾಯಿಂಟ್, 180 ಅಂಕ ಸೇರಿ 50 ಪಾಯಿಂಟ್. ಹಾಗಾಗಿ ಪಿಯುಸಿಯ ಒಂದು ಅಂಕ ಅಂದ್ರೆ ಸುಮಾರು 0.17 ಪಾಯಿಂಟ್, ಸಿಇಟಿಯ ಒಂದು ಪ್ರಶ್ನೆ ಅಂದ್ರೆ ಸುಮಾರು 0.28. ಫಿಸಿಕ್ಸ್‌ನ 62 ಅನ್ನ 80 ಮಾಡಿದ್ರೆ ಸಿಗೋದು 3 ಪಾಯಿಂಟ್. ಅದೇ 3 ಪಾಯಿಂಟ್ ಸಿಇಟಿಯಲ್ಲಿ 11 ಪ್ರಶ್ನೆ ಹೆಚ್ಚು ಸರಿ ಮಾಡಿದ್ರೂ ಸಿಗುತ್ತೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಒಂದನ್ನೂ ಖಾಲಿ ಬಿಡಬೇಕಾಗಿಲ್ಲ.

ಆದ್ದರಿಂದ ಚಿಕ್ಕಮ್ಮನಿಗೆ ಹೇಳಬೇಕಾದ್ದು ಇಷ್ಟು: ಈ ವಾರ ಸಿಇಟಿ ಮಾತ್ರ. ಪರೀಕ್ಷೆ-2ಕ್ಕೆ ಅರ್ಜಿ ಹಾಕಿಡಿ, ಓದೋದು ಸಿಇಟಿ ಮುಗಿದ ಮೇಲೆ. ಇನ್ನೊಂದು ಮಾತು, 62ರಲ್ಲಿ ಪ್ರಾಕ್ಟಿಕಲ್‌ನ 30ಕ್ಕೆ 30 ಸೇರಿದ್ರೆ ಥಿಯರಿಯಲ್ಲಿ ಬಂದಿರೋದು 70ಕ್ಕೆ 32. ಅದನ್ನ 50ಕ್ಕೆ ತರೋದು ಒಂದು ವಾರದಲ್ಲಿ ಆಗೋ ಕೆಲಸವಾ ಅಂತ ಹುಡುಗನನ್ನೇ ಕೇಳಿ. ಪರೀಕ್ಷೆ-2ರ ಅಂಕವನ್ನ ರ‍್ಯಾಂಕ್‌ಗೆ ಸೇರಿಸಿಕೊಳ್ಳೋ ವಿಧಾನಕ್ಕೆ ಆ ವರ್ಷದ ಕೆಇಎ ಪ್ರಕಟಣೆ ನೋಡಿ, ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್ ಅಲ್ಲ. ಮಗು ನೀಟ್ ಬರೀತಿದ್ರೆ ಈ ಲೆಕ್ಕವೇ ಬೇಡ. ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಪೂರ್ತಿ ನೀಟ್‌ದೇ.

"ಪೇಪರ್ ತರಿಸೋದಾ?" ಅನ್ನೋದಕ್ಕೂ ಉತ್ತರ ಇದೆ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಬೇಕು. ಆಮೇಲೆ ಬೇಕಾದ್ರೆ ಮರುಮೌಲ್ಯಮಾಪನ. 2025ರಲ್ಲಿ ಪ್ರತಿಗೆ ವಿಷಯಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಇತ್ತು. ಅರ್ಜಿಗೆ ಸಿಗೋದು ಕೆಲವೇ ದಿನ. ಪ್ರತಿ ಕೈಗೆ ಬಂದ ಮೇಲೆ ಕಾಲೇಜಿನ ಲೆಕ್ಚರರ್ ಹತ್ರ ಕೂತು ನೋಡಿಸಿ, ಅವರು "ಇಲ್ಲಿ ಅಂಕ ಬಿಟ್ಟಿದಾರೆ" ಅಂದ್ರೆ ಮಾತ್ರ ಮುಂದಿನ ದುಡ್ಡು ಕಟ್ಟಿ. ಬೇಜಾರಿನಲ್ಲಿ ಎಲ್ಲಾ ವಿಷಯಕ್ಕೂ ಕಟ್ಟೋದು ಬೇಡ.

ಇನ್ನು ಫೇಲ್ ಆದ ಮಗುವಿನ ಮನೆಯಿಂದ ಬರೋ ಫೋನ್. ಅದು ಬರೋದೇ ಕಡಿಮೆ, ಎಷ್ಟೋ ಸಲ ನಾವೇ ಮಾಡಬೇಕು. 2025ರ ಪರೀಕ್ಷೆ-1ರಲ್ಲಿ ಪಾಸಾದವರು ಶೇ. 73.45. ಅಂದ್ರೆ ನೂರು ಮಕ್ಕಳಲ್ಲಿ 26 ಮನೆಗಳಲ್ಲಿ ಆ ದಿನ ಅಡುಗೆ ಸರಿಯಾಗಿ ಆಗಿರಲ್ಲ. ಉಡುಪಿಯಲ್ಲಿ ಶೇ. 93.90, ಯಾದಗಿರಿಯಲ್ಲಿ ಶೇ. 48.45. ಉಡುಪಿಯ ಮಕ್ಕಳು ಯಾದಗಿರಿಯವರಿಗಿಂತ ಎರಡರಷ್ಟು ಬುದ್ಧಿವಂತರು ಅಂತ ಯಾರೂ ಹೇಳಲ್ಲ. ಕಾಲೇಜು, ಲೆಕ್ಚರರ್, ಮನೆ ಪರಿಸ್ಥಿತಿ ಎಲ್ಲಾ ಆ ಸಂಖ್ಯೆಯಲ್ಲಿ ಸೇರಿಕೊಂಡಿದೆ. ಹೀಗಿರುವಾಗ ಒಂದು ಮಗುವಿನ ಫೇಲ್ ಅನ್ನ ಬರೀ ಸೋಮಾರಿತನ ಅಂತ ತೀರ್ಮಾನ ಮಾಡೋಕೆ ಆಗಲ್ಲ. ಪಾಸಿನ ನಿಯಮವೂ ಈಗ ಬದಲಾಗಿದೆ. 2025-26ರಿಂದ ಪ್ರತಿ ವಿಷಯದಲ್ಲಿ ಕನಿಷ್ಠ 30, ಒಟ್ಟು 600ಕ್ಕೆ 198 ಬಂದ್ರೆ ಸಾಕು. ಪರೀಕ್ಷೆ-2 ಇದ್ದೇ ಇದೆ. ವರ್ಷ ಹಾಳಾಯ್ತು ಅನ್ನೋಕೆ ಏಪ್ರಿಲ್ ತುಂಬಾ ಬೇಗ ಆಯ್ತು.

"ಅಂಕ ಏನೂ ಅಲ್ಲ" ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ. ಅವರು ನಂಬಲ್ಲ, ಅದು ನಿಜವೂ ಅಲ್ಲ. ಕ್ಯಾಂಪಸ್ ಸೆಲೆಕ್ಷನ್‌ಗೆ ಬರೋ ಎಷ್ಟೋ ಕಂಪನಿಗಳು ಪಿಯುಸಿಯಲ್ಲಿ ಶೇ. 60 ಇದೆಯಾ ಅಂತ ನೋಡ್ತವೆ. ಆದರೆ ಅದು ಒಂದು ಬಾಗಿಲು, ಒಂದು ಸಲ ದಾಟಿದ್ರೆ ಮುಗೀತು. 2016ರಲ್ಲಿ ಕೆಮಿಸ್ಟ್ರಿ ಪೇಪರ್ ಎರಡು ಸಲ ಸೋರಿಕೆಯಾಗಿ, ಕೊನೆಗೆ ಏಪ್ರಿಲ್ 12ಕ್ಕೆ ಪರೀಕ್ಷೆ ನಡೀತು. 2021ರಲ್ಲಿ ಕೊರೊನಾದಿಂದ ಪರೀಕ್ಷೆಯೇ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕದ ಮೇಲೆ ಫಲಿತಾಂಶ ಕೊಟ್ರು. ಆ ಬ್ಯಾಚಿನವರು ಈಗ ನಮ್ಮ ಪಕ್ಕದ ಸೀಟುಗಳಲ್ಲೇ ಕೂತಿದಾರೆ. ಕೋಡ್ ರಿವ್ಯೂ ಮಾಡುವಾಗ ಅವರ ಕೆಮಿಸ್ಟ್ರಿ ಅಂಕ ಯಾರೂ ಕೇಳಲ್ಲ.

ಕೊನೆಯದಾಗಿ, ದೊಡ್ಡವರ ಜೊತೆ ಮಾತಾಡಿ ಫೋನ್ ಇಡಬೇಡಿ. "ಅವನಿಗೆ ಕೊಡಿ" ಅನ್ನಿ. ಅಂಕದ ಬಗ್ಗೆ ಕೇಳೋಕೆ ಮುಂಚೆ "ಊಟ ಮಾಡಿದ್ಯೇನೋ?" ಅನ್ನಿ. ಅವನು ಮಾತೇ ಆಡದಿದ್ರೆ, ಅಥವಾ ಬದುಕೇ ಬೇಡ ಅನ್ನೋ ಥರ ಮಾತಾಡಿದ್ರೆ, ಅದನ್ನ ಹುಡುಗಾಟ ಅಂದುಕೊಳ್ಳಬೇಡಿ. ಆ ರಾತ್ರಿ ಒಬ್ಬನೇ ಮಲಗೋದು ಬೇಡ ಅಂತ ಮನೆಯವರಿಗೆ ನೇರವಾಗಿ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನ ಈಗಲೇ ಸೇವ್ ಮಾಡ್ಕೊಳ್ಳಿ, ಫ್ಯಾಮಿಲಿ ಗ್ರೂಪಿಗೂ ಹಾಕಿ. ಪರೀಕ್ಷೆಗಳ ತಾರೀಖು, ಸಿಇಟಿ ತಾರೀಖು ಕೂಡ ಅದೇ ಮೆಸೇಜಿನಲ್ಲಿ ಇರಲಿ.